ಲೋಡಲ್ಲ, ಬಿಸಿ: ಡ್ರೈ ಟೈಪ್ ಟ್ರಾನ್ಸ್‌ಫಾರ್ಮರಿನ ಉಷ್ಣಮಿತಿಯ ಚರಿತ್ರೆ ಮತ್ತು ಹಳೇಬೀಡು ಸೀಮೆ

ಹಳೇಬೀಡು, ಬೇಲೂರು, ಅರಸೀಕೆರೆ ಕಡೆಯ ರೈತರಿಗೆ ‘ಟಿಸಿ (ಟ್ರಾನ್ಸ್‌ಫಾರ್ಮರು) ಸುಟ್ಟುಹೋಯಿತು’ ಎಂಬುದು ಹೊಸ ಸುದ್ದಿಯಲ್ಲ. ಪಂಪ್‌ಸೆಟ್ಟು ನಿಂತು ತೆಂಗು, ಅಡಿಕೆಗೆ ನೀರು ತಪ್ಪುತ್ತದೆ. ಕಾರಣ ಕೇಳಿದರೆ ‘ಲೋಡು ಜಾಸ್ತಿಯಾಯಿತು’ ಎಂಬ ಒಂದೇ ಉತ್ತರ. ಉತ್ತರ ತಪ್ಪಲ್ಲ, ಆದರೆ ಅರ್ಧ. ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ನನ್ನು ಕೆಡಿಸುವುದು ಲೋಡಿನಿಂದ ಹುಟ್ಟುವ ಬಿಸಿ ಮತ್ತು ಆ ಬಿಸಿ ನಿಂತ ಹೊತ್ತು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತರಲು ಎಂಜಿನಿಯರಿಂಗ್ ಜಗತ್ತಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಎಣ್ಣೆಯಿಲ್ಲದ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ಆ ಲೆಕ್ಕ ಬೆಳೆದ ಬಗೆಯನ್ನು ಗುರುತಿಸಿ, ಅದನ್ನು ಈ ಸೀಮೆಯ ಎತ್ತರ ಮತ್ತು ಹವೆಗೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶ.

ಎಣ್ಣೆಗೂ ಮೊದಲು ಗಾಳಿ

ಟ್ರಾನ್ಸ್‌ಫಾರ್ಮರು ಹುಟ್ಟಿದ್ದೇ ಎಣ್ಣೆಯಿಲ್ಲದೆ. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯಲ್ಲಿ ಝಿಪರ್ನೋವ್ಸ್ಕಿ, ಬ್ಲಾಥಿ, ಡೇರಿ ರೂಪಿಸಿದ ಯಂತ್ರಕ್ಕೂ, 1886ರಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ವಿಲಿಯಂ ಸ್ಟಾನ್ಲಿ ಬಳಸಿದ ಯಂತ್ರಕ್ಕೂ ಸುತ್ತಲಿನ ಗಾಳಿಯೇ ತಂಪು. ವೋಲ್ಟೇಜು ಏರುತ್ತಿದ್ದಂತೆ ಗಾಳಿ ಸಾಲದಾಯಿತು. 1891ರ ಲಾಫನ್–ಫ್ರಾಂಕ್‌ಫರ್ಟ್ ಮಾರ್ಗದಲ್ಲಿ ಎಣ್ಣೆ ತನ್ನ ಶಕ್ತಿ ತೋರಿಸಿತು. ಅದು ಇನ್ಸುಲೇಷನ್ನೂ ಹೌದು, ಬಿಸಿಯನ್ನು ಹೊರಗೆ ಸಾಗಿಸುವ ಮಾಧ್ಯಮವೂ ಹೌದು.

ಮೈಸೂರು ಸಂಸ್ಥಾನ ವಿದ್ಯುತ್ ಯುಗಕ್ಕೆ ಕಾಲಿಟ್ಟದ್ದು ಈ ಬದಲಾವಣೆಯ ಬೆನ್ನಿಗೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎ. ಸಿ. ಜೋಲಿ ದ ಲಾಟ್ಬಿನಿಯೇರ್ ಅವರ ಯೋಜನೆಯಂತೆ ಕೈಗೊಂಡ ಕೆಲಸ ಮುಗಿದು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಮುಂದೆ ಸಂಸ್ಥಾನವೇ ಸ್ಥಾಪಿಸಿದ ವಿದ್ಯುತ್ ಕಾರ್ಖಾನೆ, ಇಂದಿನ ಕವಿಕಾ, ನಾಡಿನ ಕಂಬಗಳಿಗೆ ಟ್ರಾನ್ಸ್‌ಫಾರ್ಮರು ಕಟ್ಟಿಕೊಟ್ಟಿತು. ಮಳೆ ಬಿಸಿಲಿಗೆ ಮೈಯೊಡ್ಡಿ ಹೊರಗೆ ನಿಲ್ಲುವ 25, 63, 100 ಕೆವಿಎ ಯಂತ್ರಗಳಿಗೆ ಎಣ್ಣೆಯೇ ಸೂಕ್ತ. ಹಳೇಬೀಡಿನ ಹೊಲಗಳಲ್ಲಿ ಇಂದಿಗೂ ಕಾಣುವುದು ಅವೇ.

ಮಿತಿಯ ಶೋಧ

ಎಷ್ಟು ಬಿಸಿಯವರೆಗೆ ಸುರಕ್ಷಿತ ಎಂಬ ಪ್ರಶ್ನೆಗೆ ಮೊದಲು ಶಾಸ್ತ್ರೀಯ ಚೌಕಟ್ಟು ಕೊಟ್ಟವರು ಸ್ಟೈನ್‌ಮೆಟ್ಜ್ ಮತ್ತು ಲ್ಯಾಮ್. 1913ರ ತಮ್ಮ ಪ್ರಬಂಧದಲ್ಲಿ ಅವರು ಇನ್ಸುಲೇಷನ್ ಸಾಮಗ್ರಿಗಳನ್ನು ತಾಳುವ ಉಷ್ಣತೆಯ ಪ್ರಕಾರ ವರ್ಗಗಳಾಗಿ ವಿಂಗಡಿಸಿದರು. ಇಂದಿನ ಎ 105, ಬಿ 130, ಎಫ್ 155, ಎಚ್ 180 ಡಿಗ್ರಿ ಸೆಲ್ಸಿಯಸ್ ಎಂಬ ವರ್ಗೀಕರಣ ಆ ಬೀಜದಿಂದ ಬೆಳೆದದ್ದು. 1930ರಲ್ಲಿ ಮಾಂಟ್ಸಿಂಗರ್ ಮುಂದಿನ ಹೆಜ್ಜೆ ಇಟ್ಟರು. ಉಷ್ಣತೆ 8 ಡಿಗ್ರಿ ಏರಿದರೆ ಎಣ್ಣೆಯಲ್ಲಿ ಮುಳುಗಿದ ಇನ್ಸುಲೇಷನ್ನಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಅವರು ತೋರಿಸಿದರು. 1948ರಲ್ಲಿ ಡಾಕಿನ್ ಈ ಸವಕಳಿಯನ್ನು ರಾಸಾಯನಿಕ ಕ್ರಿಯೆಯ ವೇಗವಾಗಿ ವಿವರಿಸಿದರು. ಅಲ್ಲಿಗೆ ಮಿತಿ ಎಂಬುದು ದಾಟಿದೊಡನೆ ಸುಡುವ ಗೆರೆಯಾಗಿ ಉಳಿಯಲಿಲ್ಲ. ಗಂಟೆ ಗಂಟೆಗೂ ಖರ್ಚಾಗುವ ಆಯುಷ್ಯದ ಲೆಕ್ಕವಾಯಿತು.

ಇದೇ ಹೊತ್ತಿಗೆ ಕಟ್ಟಡಗಳೊಳಗೆ ಎಣ್ಣೆಯ ಬೆಂಕಿಭಯ ಕಾಡಿತು. ಪರಿಹಾರವಾಗಿ ಬಂದ ಪಿಸಿಬಿ ದ್ರವ ಬೆಂಕಿ ಹಿಡಿಯದು, ಆದರೆ ವಿಷ. 2001ರ ಸ್ಟಾಕ್‌ಹೋಮ್ ಒಪ್ಪಂದ ಅದಕ್ಕೆ ತೆರೆ ಎಳೆಯಿತು. ಭಾರತದಲ್ಲಿ ಪಿಸಿಬಿ ನಿರ್ವಹಣೆಯ ಯೋಜನೆಯಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಪಾಲ್ಗೊಂಡಿತು. ಅಷ್ಟರಲ್ಲಿ 1960ರ ದಶಕದ ಎಪಾಕ್ಸಿ ರಾಳದ ಎರಕ ಮತ್ತು 1967ರಲ್ಲಿ ಮಾರುಕಟ್ಟೆಗೆ ಬಂದ ನೋಮೆಕ್ಸ್ ಕಾಗದ ಡ್ರೈ ಟೈಪಿಗೆ ಮರುಜನ್ಮ ಕೊಟ್ಟಿದ್ದವು. ಭಾರತದಲ್ಲಿ ಇದಕ್ಕೆ ಐಎಸ್ 11171 ಮಾನಕ 1985ರಲ್ಲಿ ಬಂತು. ವಸತಿ ಮತ್ತು ವಾಣಿಜ್ಯ ಕಟ್ಟಡಗಳ ಒಳಗೆ ಡ್ರೈ ಟೈಪನ್ನೇ ಬಳಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ವಿಧಿಸಿದವು.

ಹಳೇಬೀಡಿಗೆ ಹೊಂದಿಸಿದ ಲೆಕ್ಕ

ಡ್ರೈ ಟೈಪಿಗೆ ಗಾಳಿಯೇ ಆಧಾರವಾದ್ದರಿಂದ ಎತ್ತರ ಮುಖ್ಯವಾಗುತ್ತದೆ. ಮೇಲೇರಿದಷ್ಟೂ ಗಾಳಿ ತೆಳುವಾಗಿ ಬಿಸಿ ಒಯ್ಯುವ ಶಕ್ತಿ ಕುಗ್ಗುತ್ತದೆ. ಐಇಸಿ 60076-11 ಮಾನಕದ 2004ರ ಆವೃತ್ತಿಯಂತೆ, 1,000 ಮೀಟರ್ ದಾಟಿದ ಮೇಲೆ ಪ್ರತಿ 500 ಮೀಟರಿಗೆ ಉಷ್ಣತೆಯ ಏರಿಕೆಯ ಮಿತಿಯನ್ನು ಸಹಜ ಗಾಳಿಯಲ್ಲಿ ಶೇ. 2.5, ಫ್ಯಾನಿನ ಗಾಳಿಯಲ್ಲಿ ಶೇ. 5ರಷ್ಟು ತಗ್ಗಿಸಬೇಕು. ಹಳೇಬೀಡು ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿದೆ. ಬೇಲೂರು, ಅರಸೀಕೆರೆ ಪಟ್ಟಣಗಳೂ 1,000 ಮೀಟರಿನ ಒಳಗೇ ಇವೆ. ಹಾಗಾಗಿ ಇಲ್ಲಿ ಕಡಿತ ಬೇಕಿಲ್ಲ; ಅದು ಬೇಕಾಗುವುದು ವಾಯವ್ಯಕ್ಕೆ ಬಾಬಾಬುಡನ್‌ಗಿರಿಯ ಮೇಲೆ.

ಇನ್ನು ಲೋಡು. ಎಫ್ ವರ್ಗದ ಯಂತ್ರದಲ್ಲಿ ಪೂರ್ಣ ಲೋಡಿಗೆ ವೈಂಡಿಂಗಿನ ಸರಾಸರಿ ಏರಿಕೆಯ ಮಿತಿ 100 ಡಿಗ್ರಿ. ಒಳಗಿನ ಅತಿ ಬಿಸಿಯಾದ ಬಿಂದುವಿನ ಏರಿಕೆ ಅದರ 1.25 ಪಟ್ಟು, ಅಂದರೆ 125 ಡಿಗ್ರಿ ಎಂದು ಲೋಡಿಂಗ್ ಮಾರ್ಗಸೂಚಿಗಳು ಹಿಡಿಯುತ್ತವೆ. ಕೋಣೆಯ ಗಾಳಿ 25 ಡಿಗ್ರಿ ಇದ್ದರೆ ಆ ಬಿಂದು 150ಕ್ಕೆ ನಿಲ್ಲುತ್ತದೆ. ವರ್ಗದ ಮಿತಿ 155. ಸಹಜ ಗಾಳಿಯಲ್ಲಿ ಏರಿಕೆ ಲೋಡಿನ 1.6ನೆಯ ಘಾತದಂತೆ ಬೆಳೆಯುತ್ತದೆ ಎಂದಿಟ್ಟುಕೊಂಡರೆ, ಶೇ. 80 ಲೋಡಿಗೆ ಬಿಂದು ಸುಮಾರು 112 ಡಿಗ್ರಿ, ಶೇ. 110ಕ್ಕೆ 171, ಶೇ. 120ಕ್ಕೆ 192. ಶೇ. 10ರಷ್ಟು ಹೆಚ್ಚುವರಿ ಲೋಡು 21 ಡಿಗ್ರಿ ಬಿಸಿ ಏರಿಸಿತು. 10 ಡಿಗ್ರಿಗೆ ಆಯುಷ್ಯ ಅರ್ಧವಾಗುತ್ತದೆ ಎಂಬ ಸ್ಥೂಲ ಲೆಕ್ಕದಲ್ಲಿ, ಸದಾ ಹೀಗೆ ದುಡಿಸಿದರೆ ಉಳಿಯುವುದು ಆಯುಷ್ಯದ ಕಾಲು ಪಾಲು.

ಈ ಲೆಕ್ಕದಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, 25 ಡಿಗ್ರಿ ಎಂದದ್ದು ಊರಿನ ಹವೆಯಲ್ಲ, ಟ್ರಾನ್ಸ್‌ಫಾರ್ಮರು ನಿಂತ ಕೋಣೆಯ ಹವೆ. ಹೊರಗೆ ಮಲೆನಾಡ ಸೆರಗಿನ ತಂಪಿದ್ದರೂ ಕೋಣೆಯ ಕೆಳಗಿನ ಗಾಳಿಕಿಂಡಿಗೆ ಸಾಮಾನು ಒಟ್ಟಿದರೆ, ಮೇಲಿನ ಕಿಂಡಿ ಜೇಡದ ಬಲೆ ಮತ್ತು ದೂಳಿನಿಂದ ಮುಚ್ಚಿದರೆ ಒಳಗೆ 10 ಡಿಗ್ರಿ ಏರುವುದು ಸುಲಭ. ಆಗ ಪೂರ್ಣ ಲೋಡಿಗೇ ಬಿಂದು 160 ಮುಟ್ಟಿ ಮಿತಿ ಮೀರುತ್ತದೆ. ಎರಡನೆಯದು ಸಮಯ. ಎಣ್ಣೆಯ ರಾಶಿ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಅದು ಹೆಚ್ಚುವರಿ ಲೋಡನ್ನು ತಾಳುತ್ತದೆ. ಡ್ರೈ ಟೈಪಿಗೆ ಅಂಥ ಆಸರೆಯಿಲ್ಲ, ಅದರ ವೈಂಡಿಂಗು ಬೇಗ ಕಾಯುತ್ತದೆ. ಎಣ್ಣೆಯ ಟಿಸಿಯ ಅನುಭವದಿಂದ ಡ್ರೈ ಟೈಪನ್ನು ಅಳೆಯುವುದು ಈ ಕಾರಣಕ್ಕೆ ಅಪಾಯ.

ಉಪಸಂಹಾರ

2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡು ಮತ್ತು ಬೇಲೂರಿನಲ್ಲಿ ಕಟ್ಟಡದೊಳಗೇ ಟ್ರಾನ್ಸ್‌ಫಾರ್ಮರು ಇಡುವ ವಸತಿಗೃಹ, ಸಭಾಂಗಣ ಯಾವುದೇ ಎದ್ದರೂ ಅಲ್ಲಿಗೆ ಡ್ರೈ ಟೈಪೇ ತಕ್ಕದ್ದು. ಎಣ್ಣೆ ಸೋರದ, ಬೆಂಕಿಭಯ ಕಡಿಮೆಯಿರುವ ಈ ಯಂತ್ರ ಸ್ಮಾರಕಗಳ ನೆರೆಗೂ ಒಳ್ಳೆಯದು. ಇಲ್ಲಿನ ಎತ್ತರ ಅದಕ್ಕೆ ಅಡ್ಡಿಯಲ್ಲ, ಹವೆ ಅನುಕೂಲಕರ. ಆದರೆ ನಾಮಫಲಕದ ಕೆವಿಎ ಓದಿ ಸುಮ್ಮನಾದರೆ ಆ ಅನುಕೂಲ ದಕ್ಕದು. ವೈಂಡಿಂಗಿನೊಳಗೆ ಉಷ್ಣತೆ ಅಳೆಯುವ ಸೆನ್ಸರ್ ಇರಲಿ, ದಿನದ ಗರಿಷ್ಠ ಉಷ್ಣತೆ ಪುಸ್ತಕದಲ್ಲಿ ದಾಖಲಾಗಲಿ, ಕೋಣೆಯ ಗಾಳಿದಾರಿ ಸದಾ ತೆರೆದಿರಲಿ. ಸುರಕ್ಷಿತ ಲೋಡು ಎಷ್ಟೆಂದು ನಿರ್ಧರಿಸಬೇಕಾದದ್ದು ಈ ದಾಖಲೆ.