ಬಟ್ರೇಪಲ್ಲಿ ಜಲಪಾತಕ್ಕೆ ಒಂದು ದಿನದ ಚಾರಣ: ಸದಸ್ಯರಿಗೆ ಮಾಹಿತಿ

ಶ್ರೀ ಸತ್ಯಸಾಯಿ ಜಿಲ್ಲೆಯ ತಲುಪುಲ ಮಂಡಲದ ಕಾಡುಗುಡ್ಡಗಳ ನಡುವಿನ ಈ ಜಲಪಾತ ಮಳೆಯನ್ನೇ ನಂಬಿದ್ದು. ನಮ್ಮ ಸೀಮೆಗೆ ವರ್ಷಕ್ಕೆ ಬೀಳುವುದೇ ಸುಮಾರು 550 ಮಿ.ಮೀ.; ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲಿ ಹೋದವರಿಗೆ ಬರೀ ಬಂಡೆ ದರ್ಶನ. ಆದ್ದರಿಂದ ತಾರೀಖು ಮೊದಲೇ ಗೊತ್ತು ಮಾಡಿ ವ್ಯಾನಿಗೆ ಮುಂಗಡ ಕೊಡಬೇಡಿ. ಒಳ್ಳೆಯ ಮಳೆ ಬಿದ್ದು ಎರಡು ಮೂರು ದಿನ ಕಳೆದ ಮೇಲೆ, ಕದಿರಿಯಲ್ಲೋ ತಲುಪುಲದಲ್ಲೋ ಪರಿಚಯದವರನ್ನು ಕೇಳಿಕೊಂಡು ಹೊರಡುವುದು ಸರಿ.

ಮಳೆ ಸುರಿಯುವಾಗ ಮಾತ್ರ ಬೇಡವೇ ಬೇಡ. ಕಲ್ಲುಗುಡ್ಡ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೇಲೆಲ್ಲೋ ಸುರಿದದ್ದು ಕೆಳಗೆ ಬಿಸಿಲಿರುವಾಗಲೇ ಕಣಿವೆಗೆ ನುಗ್ಗುತ್ತದೆ. ನೀರು ಕೆಂಪಾಗಿ ಕಸಕಡ್ಡಿ ತೇಲಿ ಬಂದರೆ ಬುತ್ತಿಗಂಟು ಬಿಟ್ಟಾದರೂ ದಡ ಹತ್ತಿ. ಮಡುವಿಗೆ ಇಳಿಯಬೇಡಿ. ಪಾಚಿ ಕಟ್ಟಿದ ಬಂಡೆಯ ಮೇಲೆ ಚಪ್ಪಲಿ ನಿಲ್ಲದು, ಬೂಟೇ ಬೇಕು.

ಕೊಡಿಕೊಂಡ ಚೆಕ್‌ಪೋಸ್ಟ್ ಕಡೆಯವರಿಗೆ ಗೋರಂಟ್ಲ, ಕದಿರಿ ದಾರಿ. ಕಲ್ಯಾಣದುರ್ಗದವರಿಗೆ ಅನಂತಪುರ, ಮುದಿಗುಬ್ಬ. ತಲಾ ಮೂರು ಲೀಟರ್ ನೀರು, ಬುತ್ತಿ ಜೊತೆಗಿರಲಿ. ಬೇಗ ಇಳಿದು ಬಂದರೆ ಕದಿರಿ ಸೀಮೆಯ ತಿಮ್ಮಮ್ಮ ಮರ್ರಿಮಾನನ್ನೂ ನೋಡಬಹುದು. 1989ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಆಲದ ಮರವದು. 70 ದಾಟಿದ ಹಿರಿಯರು ಗುಡ್ಡ ಹತ್ತದೆ ಅದರ ನೆರಳಲ್ಲೇ ಕೂರುವುದು ಒಳ್ಳೆಯದು. ನಾವೂ ಅವರ ಜೊತೆಗೇ.