ವೈದ್ಯಕೀಯ ತಜ್ಞತಾ ಮಂಡಳಿಗಳ ಮೌಖಿಕ ಪರೀಕ್ಷೆ (ಅಮೆರಿಕ): ಸಿದ್ಧತೆಯ ಇತಿಹಾಸ

ಅಮೆರಿಕದಲ್ಲಿ ರೆಸಿಡೆನ್ಸಿ (ತಜ್ಞತಾ ತರಬೇತಿ) ಮುಗಿಸಿದ ವೈದ್ಯರು ತಜ್ಞರೆಂಬ ಮಾನ್ಯತೆ ಪಡೆಯಲು ಕೆಲವು ವಿಭಾಗಗಳಲ್ಲಿ ಎದುರಿಸಬೇಕಾದ ಪರೀಕ್ಷೆ ಇದು. ಇದಕ್ಕೆ ದಾರಿ ಹಾಕಿದವರು ಕಣ್ಣಿನ ವೈದ್ಯರು. ಅಲ್ಲಿನ ಮೊದಲ ತಜ್ಞತಾ ಮಂಡಳಿ ನೇತ್ರಶಾಸ್ತ್ರದ್ದು; ಅದರ ಮೊದಲ ಪರೀಕ್ಷೆ 1916ರ ಡಿಸೆಂಬರಿನಲ್ಲಿ ಮೆಂಫಿಸ್‌ನಲ್ಲಿ ನಡೆಯಿತು. 1930ರ ದಶಕದಲ್ಲಿ ಪ್ರಸೂತಿ, ಚರ್ಮರೋಗ, ಮನೋವೈದ್ಯ, ಶಸ್ತ್ರಚಿಕಿತ್ಸಾ ಮಂಡಳಿಗಳು ಒಂದರ ಹಿಂದೊಂದು ಹುಟ್ಟಿದವು.

ಈ ಪರೀಕ್ಷೆಗೆ ಓದುವುದಷ್ಟೇ ಸಾಲದು, ಯೋಚನೆಯನ್ನು ಬಾಯಿಬಿಟ್ಟು ಹೇಳಲು ಕಲಿಯಬೇಕು. ಪರೀಕ್ಷೆಯ ನಿಜವಾದ ಬೆಲೆ ಇರುವುದೂ ಇಲ್ಲಿಯೇ. ಅಣಕು ಪರೀಕ್ಷೆಯಲ್ಲಿ ಹಿರಿಯರು 'ಮಧ್ಯವಯಸ್ಸಿನ ಮಹಿಳೆ, ಹೊಟ್ಟೆನೋವು' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ನಾಡಿ, ರಕ್ತದೊತ್ತಡ, ಸ್ಕ್ಯಾನ್ ಯಾವುದನ್ನೂ ಕೇಳದೆ ಕೊಡುವುದಿಲ್ಲ. ಅಭ್ಯರ್ಥಿ ಒಂದು ನಿರ್ಧಾರಕ್ಕೆ ಬರುವಷ್ಟರಲ್ಲಿ 'ರಕ್ತದೊತ್ತಡ ಇಳಿಯುತ್ತಿದೆ, ಈಗೇನು ಮಾಡುತ್ತೀರಿ?' ಎಂಬ ಪ್ರಶ್ನೆ ಬರುತ್ತದೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಅಭ್ಯಾಸ ಇಲ್ಲಿ ನೆರವಿಗೆ ಬಾರದು. ಪ್ರಸೂತಿ ವಿಭಾಗದವರು ತಾವೇ ಚಿಕಿತ್ಸೆ ನೀಡಿದ ರೋಗಿಗಳ ಪಟ್ಟಿ ಸಲ್ಲಿಸಿ, ಅದರ ಮೇಲಿನ ಪ್ರಶ್ನೆಗಳಿಗೂ ಉತ್ತರಿಸಬೇಕು. ಅವರ ಸಿದ್ಧತೆ ಪರೀಕ್ಷೆಗೆ ಬಹು ಮುಂಚೆ, ವಾರ್ಡಿನಲ್ಲೇ ಶುರುವಾಗಿರುತ್ತದೆ.

ಅಂಕ ಕೊಡುವುದು ಪರೀಕ್ಷಕರ ಮರ್ಜಿ ಎಂಬ ಆಕ್ಷೇಪಕ್ಕೆ ಆಧಾರವಿದೆ. ಪರೀಕ್ಷಕರ ಅಂಕಗಳು ಪರಸ್ಪರ ಹೊಂದುವುದಿಲ್ಲವೆಂದು ಕಂಡ ಮೇಲೆಯೇ ವೈದ್ಯಕೀಯ ಪರೀಕ್ಷಕರ ರಾಷ್ಟ್ರೀಯ ಮಂಡಳಿ 1960ರ ದಶಕದಲ್ಲಿ ರೋಗಿಯ ಹಾಸಿಗೆಯ ಬಳಿಯ ಪರೀಕ್ಷೆಯನ್ನು ಕೈಬಿಟ್ಟಿತು. ಆಂತರಿಕ ವೈದ್ಯಶಾಸ್ತ್ರದ ಮಂಡಳಿ 1970ರ ದಶಕದಲ್ಲಿ ಅದೇ ಹಾದಿ ಹಿಡಿಯಿತು. ಆದರೆ ತಪ್ಪು ಇದ್ದದ್ದು ಅಳತೆಯಲ್ಲಿ, ಮಾತಿನಲ್ಲಲ್ಲ. ಎಲ್ಲರಿಗೂ ಒಂದೇ ಬಗೆಯ ಪ್ರಕರಣ, ಮೊದಲೇ ಗೊತ್ತುಮಾಡಿದ ಅಂಕಸೂತ್ರ, ಒಬ್ಬರ ಬದಲು ಹಲವು ಪರೀಕ್ಷಕರು ಎಂಬ ವ್ಯವಸ್ಥೆ ಬಂದಲ್ಲಿ ಆ ದೋಷ ಬಹಳಷ್ಟು ತಗ್ಗುತ್ತದೆ. ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಿಂದ ಪ್ರಕಟಿಸಿದ ಓಎಸ್‌ಸಿಇ (ವಸ್ತುನಿಷ್ಠ, ರಚನಾಬದ್ಧ ಚಿಕಿತ್ಸಾ ಪರೀಕ್ಷೆ) ಪದ್ಧತಿಯ ತಿರುಳೂ ಇದೇ. ಅರಿವಳಿಕೆ ಮಂಡಳಿ 2018ರಲ್ಲಿ ಮೌಖಿಕ ಪರೀಕ್ಷೆಯನ್ನು ಬಿಡದೆ ಅದರ ಜೊತೆಗೇ ಓಎಸ್‌ಸಿಇಯನ್ನು ಸೇರಿಸಿತು.

ನಿರರ್ಗಳವಾಗಿ ಮಾತನಾಡುವವರಿಗೆ ಇದು ಅನುಕೂಲ, ಉಚ್ಚಾರಣೆ ಬೇರೆಯಿರುವ ವಲಸಿಗ ವೈದ್ಯರಿಗೆ ಕಷ್ಟ ಎಂಬ ಮಾತು ಇನ್ನೂ ಗಂಭೀರವಾದದ್ದು. ಕರ್ನಾಟಕದ ಸ್ನಾತಕೋತ್ತರ ಪರೀಕ್ಷೆಯ ಲಾಂಗ್ ಕೇಸ್ (ಒಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಿ ವಿವರಿಸುವುದು), ವೈವಾಗಳನ್ನು ದಾಟಿ ಹೋದವರಿಗೂ ಈ ಆತಂಕ ಸಹಜ. ಅದಕ್ಕೆ ಪರಿಹಾರ ಪರೀಕ್ಷಕರ ತರಬೇತಿ; ಪರೀಕ್ಷೆಯನ್ನೇ ತೆಗೆದುಹಾಕಿದರೆ, ತುರ್ತಿನಲ್ಲಿ ಸಹೋದ್ಯೋಗಿಗೆ ತನ್ನ ನಿರ್ಧಾರವನ್ನು ವಿವರಿಸಲಾರದ ವೈದ್ಯರನ್ನು ಗುರುತಿಸುವುದು ಕಷ್ಟವಾಗುತ್ತದೆ. ದಶಕಗಳ ಕಾಲ ಲೂಯಿವಿಲ್‌ನಲ್ಲಿ ಮೌಖಿಕ ಪರೀಕ್ಷೆ ನಡೆಸಿ, 2010ರ ದಶಕದಲ್ಲಿ ಕಂಪ್ಯೂಟರ್ ಪರೀಕ್ಷೆಗೆ ಬದಲಾದ ರೇಡಿಯಾಲಜಿ ಮಂಡಳಿಯು 2028ರಿಂದ ಮೌಖಿಕ ಪರೀಕ್ಷೆಯನ್ನು ಮರಳಿ ತರಲು ತೀರ್ಮಾನಿಸಿದೆ.