ಲಿಪೋಸೋಮ್ ಡಾಕ್ಸೊರುಬಿಸಿನ್

ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೊಬ್ಬಿನ ಅತಿ ಸಣ್ಣ ಗುಳ್ಳೆಗಳಲ್ಲಿ ತುಂಬಿ ರಕ್ತಕ್ಕೆ ಬಿಡುವ ರೂಪ. ಈ ಗುಳ್ಳೆಗಳಿಗೆ ಲಿಪೋಸೋಮ್ ಎಂದು ಹೆಸರು.

1960ರ ದಶಕದ ಮೊದಲಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ಆರ್. ಡಬ್ಲ್ಯು. ಹಾರ್ನ್ ಫಾಸ್ಫೋಲಿಪಿಡ್ ಎಂಬ ಕೊಬ್ಬುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಒಣಗಿದ ಕೊಬ್ಬು ನೀರು ಸೋಕಿದೊಡನೆ ಈರುಳ್ಳಿಯಂತೆ ಪದರ ಪದರವಾಗಿ ಸುತ್ತಿಕೊಂಡಿತ್ತು. ಅದರೊಳಗೆ ಔಷಧ ಅಡಗಿಸಬಹುದೆಂಬ ದಾರಿಯನ್ನು 1970ರ ದಶಕದಲ್ಲಿ ತೆರೆದವರಲ್ಲಿ ಗ್ರೆಗರಿ ಗ್ರೆಗರಿಯಾಡಿಸ್ ಮುಖ್ಯರು.

ಅಡಗಿಸಬೇಕಾದ ಅಗತ್ಯವೂ ಇತ್ತು. ಮಣ್ಣಿನ ಸೂಕ್ಷ್ಮಾಣುವಿನಿಂದ ದೊರೆತ ಡಾಕ್ಸೊರುಬಿಸಿನ್ ಹಲವು ಬಗೆಯ ಕ್ಯಾನ್ಸರ್‌ಗೆ ಪರಿಣಾಮಕಾರಿ. ಆದರೆ ದೇಹ ಸೇರಿದ ಒಟ್ಟು ಪ್ರಮಾಣ ಏರಿದಂತೆ ಹೃದಯದ ಸ್ನಾಯು ಸೋಲುತ್ತದೆ. ಹೀಗಾಗಿ ಫಲ ಕಾಣುತ್ತಿರುವಾಗಲೇ ಚಿಕಿತ್ಸೆ ನಿಲ್ಲಿಸಬೇಕಾಗುತ್ತಿತ್ತು.

ಜೆರುಸಲೇಮಿನಲ್ಲಿ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬರ್ಟೊ ಗಾಬಿಜಾನ್ 1980ರ ದಶಕದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದ ಮೊದಲ ಲಿಪೋಸೋಮ್ ಸೋತಿತು: ಔಷಧ ರಕ್ತದಲ್ಲೇ ಸೋರಿತು, ಗುಳ್ಳೆಗಳನ್ನು ಯಕೃತ್ತು ಬೇಗನೆ ಹಿಡಿದುಹಾಕಿತು. ಎರಡನೆಯ ಪ್ರಯತ್ನದ ಜಾಣ್ಮೆ ಮೆಚ್ಚಬೇಕಾದದ್ದು. ಗುಳ್ಳೆಯನ್ನು 100 ನ್ಯಾನೊಮೀಟರಿನ ಒಳಗೆ ಕುಗ್ಗಿಸಿ, ಹೊರಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಹೊದಿಸಿದರು. ಭಕ್ಷಕ ಕೋಶಗಳ ಕಣ್ಣು ತಪ್ಪಿಸಲು ಇದು ನೆರವಾಯಿತು. ಒಳಗೆ ಅಮೋನಿಯಂ ಸಲ್ಫೇಟ್ ಇಟ್ಟು ಹೊರಗಿನ ಔಷಧವನ್ನು ತಾನಾಗಿ ಒಳಬರುವಂತೆ ಮಾಡಿದರು. ಒಳಬಂದದ್ದು ಸೂಜಿಯಂಥ ಹರಳಾಗಿ ಗಟ್ಟಿಕಟ್ಟಿ, ದಿನಗಟ್ಟಲೆ ಸೋರದೆ ಉಳಿಯಿತು. ಗಡ್ಡೆಯ ರಕ್ತನಾಳಗಳು ಸಡಿಲವಾಗಿರುವುದರಿಂದ ದೊಡ್ಡ ಅಣುಗಳು ಅಲ್ಲಿ ನುಸುಳುತ್ತವೆ ಎಂಬ ವಿವರಣೆಯನ್ನು ಜಪಾನಿನ ಮತ್ಸುಮುರಾ ಮತ್ತು ಮೇಡಾ 1986ರಲ್ಲಿ ಮುಂದಿಟ್ಟಿದ್ದರು. ಗುಳ್ಳೆಗಳಿಗೂ ಇದೇ ದಾರಿ ಎಂಬ ನಿರೀಕ್ಷೆಯಿತ್ತು. ಆದರೆ ಇಲಿಗಳಲ್ಲಿ ಸ್ಪಷ್ಟವಾಗಿ ಕಂಡದ್ದು ಮನುಷ್ಯರ ಎಲ್ಲ ಗಡ್ಡೆಗಳಲ್ಲೂ ಒಂದೇ ಸಮನಾಗಿ ಕಾಣಲಿಲ್ಲ.

1995ರಲ್ಲಿ ಏಡ್ಸ್ ರೋಗಿಗಳ ಕಪೋಸಿ ಸಾರ್ಕೋಮಾಕ್ಕೆ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು, ಹೆಸರು ಡಾಕ್ಸಿಲ್. 1999ರಲ್ಲಿ ಅಂಡಾಶಯದ ಕ್ಯಾನ್ಸರ್ ಸೇರಿತು. ಇದರ ನಿಜವಾದ ಗೆಲುವು ಗಡ್ಡೆಯನ್ನು ಹೆಚ್ಚು ಕೊಂದದ್ದರಲ್ಲಿ ಅಲ್ಲ, ಹೃದಯವನ್ನು ಹೆಚ್ಚು ಕಾಯ್ದದ್ದರಲ್ಲಿದೆ. ಅದಕ್ಕೆ ತೆತ್ತ ಬೆಲೆ ಚರ್ಮದ ಮೇಲೆ ಕಾಣುತ್ತದೆ: ಗುಳ್ಳೆಗಳು ರಕ್ತದಲ್ಲಿ ಬಹುಕಾಲ ಸುತ್ತುವುದರಿಂದ ಅಂಗೈ ಅಂಗಾಲು ಕೆಂಪೇರಿ, ಉರಿದು, ಕೆಲವರಲ್ಲಿ ಸುಲಿಯುತ್ತವೆ. ಲೋಟ ಹಿಡಿಯುವುದೂ ನಡೆಯುವುದೂ ಕಷ್ಟವಾದಾಗ ವೈದ್ಯರು ಮುಂದಿನ ಡೋಸನ್ನು ತಡೆಹಿಡಿಯುತ್ತಾರೆ.

ಇಂಥ ಗುಳ್ಳೆಗಳ ತಯಾರಿಕೆ ನಾಜೂಕಿನ ಕೆಲಸ. 2011ರಲ್ಲಿ ಉತ್ಪಾದನೆಯ ತೊಡಕಿನಿಂದ ಅಮೆರಿಕದಲ್ಲಿ ಡಾಕ್ಸಿಲ್ ಸಿಗದಾಯಿತು. ಮರುವರ್ಷ ಅಲ್ಲಿನ ಔಷಧ ನಿಯಂತ್ರಕರು ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ಆಮದಿಗೆ ತಾತ್ಕಾಲಿಕವಾಗಿ ಒಪ್ಪಿದರು. 2013ರಲ್ಲಿ ಅದೇ ಕಂಪನಿಯ ಜೆನೆರಿಕ್ ರೂಪಕ್ಕೆ ಪೂರ್ಣ ಅನುಮತಿ ದೊರೆಯಿತು.